ಬೈಸಿಕಲ್ಲೂ ಬೇಸಗೆಯೂ

ವೈಶಾಖದ ಬಿಸಿಲಿನಲ್ಲಿ ಬೈಸಿಕಲ್ಲು ತುಳಿದುಕೊಂಡು ಹೋಗುವವನನ್ನು ಕಂಡು ಮರುಗದವರು ವಿರಳ. ಬಸ್ಸಿನ ಕಿಟಕಿಯ ಬಳಿ ಕುಳಿತವರು ‘ಪಾಪ’ ಎನ್ನುತ್ತಾರೆ. ಮೋಟಾರಿನ ಗಾಜನ್ನು ಏರಿಸಿಕೊಂಡು ಒಳಗೆ ತಂಪು ಮಾಡಿಕೊಂಡವರು ಅಷ್ಟನ್ನೂ ಅನ್ನುವುದಿಲ್ಲ. ಒಮ್ಮೆ ನೋಡಿ, ತಮ್ಮ ಪೂರ್ವಜನ್ಮದ ಪುಣ್ಯವನ್ನು ಮನಸ್ಸಿನಲ್ಲಿಯೇ ಎಣಿಸಿಕೊಂಡು ಮುಂದೆ ಸಾಗುತ್ತಾರೆ. ಮರುಕವೇನೋ ಒಳ್ಳೆಯದೇ. ಆದರೆ ಅದು ಸಲ್ಲಬೇಕಾದ ಹೊತ್ತು ಬೇರೆ. ಚಕ್ರ ಉರುಳುತ್ತಿರುವಷ್ಟು ಕಾಲ ಸವಾರನ ಪಾಡು ನೋಡುವವರು ತಿಳಿದಷ್ಟು ಕೆಟ್ಟುದಲ್ಲ. ಅವನ ನಿಜವಾದ ಸಂಕಟ ಮೊದಲಾಗುವುದು ಅವನು ನೆಲಕ್ಕೆ ಕಾಲೂರಿದ ಮೇಲೆ.

ಕಲಬುರಗಿಯಲ್ಲಿ ಇಂಥ ಸವಾರರು ಈಗಲೂ ಅಲ್ಲಲ್ಲಿ ಕಾಣಸಿಗುತ್ತಾರೆ. ಅವರಲ್ಲಿ ಒಬ್ಬ ಗುಮಾಸ್ತ. ಸರ್ಕಾರದ ಭಾಷೆಯಲ್ಲಿ ದ್ವಿತೀಯ ದರ್ಜೆ ಸಹಾಯಕ. ಆವಕ ಜಾವಕ ವಿಭಾಗ. ವಯಸ್ಸು ನಲವತ್ತೈದರ ಆಸುಪಾಸು. ಊರಾಚೆಯ ಬಡಾವಣೆಯಲ್ಲಿ ಶಹಾಬಾದಿನ ಕಲ್ಲು ಹಾಸಿದ ಮನೆ. ಅಲ್ಲಿಂದ ಕಛೇರಿಗೆ ಆರು ಕಿಲೋಮೀಟರು. ಇಪ್ಪತ್ತೆರಡು ಅಂಗುಲದ ಕರಿಯ ಬೈಸಿಕಲ್ಲು. ಮಡ್‌ಗಾರ್ಡಿನ ಬಣ್ಣ ಹೋಗಿದ್ದರೂ ಗಂಟೆ ಮಾತ್ರ ದೇವಸ್ಥಾನದ ಗಂಟೆಯಂತೆ ನುಡಿಯುತ್ತದೆ. ಈತನಿಗೆ ಬೈಸಿಕಲ್ಲು ವ್ಯಾಯಾಮವೂ ಅಲ್ಲ, ವ್ರತವೂ ಅಲ್ಲ. ಎಂದೋ ಕೊಂಡದ್ದು, ಇನ್ನೂ ಓಡುತ್ತಿದೆ, ಪೆಟ್ರೋಲು ಕೇಳುವುದಿಲ್ಲ, ಅಷ್ಟೆ.

ಕಲಬುರಗಿಯ ಬಿಸಿಲಿನ ವಿಚಾರ ಹೇಳಬೇಕಾದುದಿಲ್ಲ. ಏಪ್ರಿಲ್, ಮೇ ತಿಂಗಳುಗಳಲ್ಲಿ ಉಷ್ಣಮಾಪಕ 42, 43 ಡಿಗ್ರಿಗಳನ್ನು ಮುಟ್ಟುವುದು ಅಲ್ಲಿ ಸುದ್ದಿಯೇ ಅಲ್ಲ. ಸರ್ಕಾರಕ್ಕೂ ಇದು ಗೊತ್ತು. ಆದಕಾರಣವೇ ಕಲಬುರಗಿ ವಿಭಾಗದ ಜಿಲ್ಲೆಗಳಿಗೂ, ಬೆಳಗಾವಿ ವಿಭಾಗದ ವಿಜಯಪುರ, ಬಾಗಲಕೋಟೆಗಳಿಗೂ ಬೇಸಗೆಯಲ್ಲಿ ಕಛೇರಿಯ ವೇಳೆಯನ್ನು ಬೆಳಗಿನ 8 ರಿಂದ ಮಧ್ಯಾಹ್ನ 1-30 ರವರೆಗೆ ಎಂದು ಬದಲಿಸುವ ಆದೇಶ ಹೊರಡುವ ರೂಢಿಯುಂಟು. ಆದೇಶ ದಯೆಯಿಂದ ಕೂಡಿದುದು ಎಂಬುದರಲ್ಲಿ ಸಂದೇಹವಿಲ್ಲ. ಬೆಳಗಿನ ಏಳೂವರೆಯಲ್ಲಿ ಶರಣಬಸವೇಶ್ವರರ ಕೆರೆಯ ಕಡೆಯಿಂದ ಬರುವ ಗಾಳಿಗೆ ಇನ್ನೂ ಇರುಳಿನ ನೆನಪು ಇರುತ್ತದೆ. ಹೋಗುವ ದಾರಿ ಹೂವು ಎತ್ತಿದಷ್ಟು ಹಗುರ.

ಬರುವ ದಾರಿಯ ಮಾತು ಬೇರೆ. ಆದೇಶ ಬರೆದವರು ಕಛೇರಿಯೊಳಗೆ ಕುಳಿತಿರುವವನನ್ನು ನೆನೆದರು. ಕಛೇರಿಯಿಂದ ಹೊರಟವನನ್ನು ಮರೆತರು. ಒಂದೂವರೆ ಗಂಟೆಯೆಂದರೆ ಬಿಸಿಲಿನ ಪಟ್ಟಾಭಿಷೇಕದ ಹೊತ್ತು. ಕಲಬುರಗಿ ಇರುವುದು ಸುಮಾರು 17 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಮೇ ತಿಂಗಳ ಎರಡನೆಯ ವಾರದ ಹೊತ್ತಿಗೆ ನಡುಹಗಲಿನ ಸೂರ್ಯ ಅಲ್ಲಿ ಕೇವಲ ರೂಢಿಯ ಮಾತಿಗಲ್ಲ, ಲೆಕ್ಕದ ಪ್ರಕಾರವೇ ನೆತ್ತಿಯ ಮೇಲೆ ನಿಲ್ಲುತ್ತಾನೆ. ಅದೂ ಹನ್ನೆರಡಕ್ಕಲ್ಲ. ಭಾರತದ ಗಡಿಯಾರ ನಡೆಯುವುದು ಪೂರ್ವದ ರೇಖಾಂಶವೊಂದರ ಪ್ರಕಾರವಾದ್ದರಿಂದ ಕಲಬುರಗಿಯ ನಿಜವಾದ ಮಧ್ಯಾಹ್ನ ಸುಮಾರು ಹನ್ನೆರಡೂ ಇಪ್ಪತ್ತಕ್ಕೆ. ಗುಮಾಸ್ತ ಹೊರಬೀಳುವಾಗ ಸೂರ್ಯ ನೆತ್ತಿಯಿಂದ ಸರಿದು ಒಂದು ಗಂಟೆಯ ಮೇಲೆ ಸ್ವಲ್ಪ ಹೊತ್ತಾಗಿರುತ್ತದೆ. ಗಾಳಿಯ ಕಾವು ಇನ್ನೂ ಏರುತ್ತಲೇ ಇರುತ್ತದೆ. ಬೆಳಗಿನಿಂದ ಬಯಲಿನಲ್ಲಿ ನಿಂತ ಬೈಸಿಕಲ್ಲಿನ ಹಿಡಿ ಕೈಸುಡುತ್ತದೆ. ಸೀಟನ್ನಂತೂ ಕೇಳಬಾರದು, ಕಾದ ಹೆಂಚು. ಆತ ಒದ್ದೆ ಚಿಂದಿಯೊಂದನ್ನು ಅದರ ಮೇಲೆ ಹಾಸಿ, ಅದು ಚುಂಯ್ ಎನ್ನುವುದೋ ಎಂದು ಕ್ಷಣಕಾಲ ಕಾದು, ಆಮೇಲೆ ಏರುತ್ತಾನೆ.

ಹೀಗೆ ಏರಿದವನು ಬದುಕುವುದು ಹೇಗೆ? ದೇಹದ ವ್ಯವಹಾರ ವಿಚಿತ್ರವಾದುದು. ಪೆಡಲು ತುಳಿಯಲು ಸ್ನಾಯುಗಳು ಖರ್ಚು ಮಾಡುವ ಶಕ್ತಿಯಲ್ಲಿ ಚಕ್ರಕ್ಕೆ ಸಲ್ಲುವುದು ಹೆಚ್ಚೆಂದರೆ ನಾಲ್ಕರಲ್ಲಿ ಒಂದು ಪಾಲು. ಉಳಿದುದೆಲ್ಲ ಶಾಖವಾಗಿ ಮೈಯಲ್ಲಿಯೇ ಉಳಿಯುತ್ತದೆ. ಮನುಷ್ಯ ತಾನು ಬೈಸಿಕಲ್ಲು ಓಡಿಸುತ್ತೇನೆಂದು ತಿಳಿಯುತ್ತಾನೆ. ಲೆಕ್ಕ ನೋಡಿದರೆ ಅವನು ಮುಖ್ಯವಾಗಿ ಒಲೆ ಉರಿಸುತ್ತಿರುತ್ತಾನೆ, ಓಟ ಅದರ ಉಪಫಲ. ಈ ಶಾಖವನ್ನು ಹೊರಕ್ಕೆ ಹಾಕಬೇಕು. ಗಾಳಿ ಚರ್ಮಕ್ಕಿಂತ ತಂಪಾಗಿದ್ದರೆ ಗಾಳಿಯೇ ಅದನ್ನು ಕೊಂಡೊಯ್ಯುತ್ತದೆ. ಚರ್ಮದ ಉಷ್ಣ ಸುಮಾರು 35 ಡಿಗ್ರಿ, ಗಾಳಿಯದು 42 ಎಂದಾಗ ವ್ಯಾಪಾರ ತಿರುಗುಮುರುಗಾಗುತ್ತದೆ: ಗಾಳಿಯೇ ಮೈಗೆ ಶಾಖವನ್ನು ಕೊಡತೊಡಗುತ್ತದೆ. ಆಗ ಉಳಿಯುವ ಆಪ್ತಮಿತ್ರ ಒಂದೇ, ಬೆವರು. ಒಂದು ಲೀಟರು ಬೆವರು ಮೈಮೇಲೆಯೇ ಆರಿದರೆ ಸುಮಾರು 580 ಕಿಲೊಕ್ಯಾಲೊರಿ ಶಾಖವನ್ನು ತನ್ನೊಡನೆ ಎತ್ತಿಕೊಂಡು ಹೋಗುತ್ತದೆ. ಅರ್ಧ ಗಂಟೆ ನಿಧಾನವಾಗಿ ತುಳಿದವನ ಮೈಯಲ್ಲಿ ಹುಟ್ಟುವ ಹೆಚ್ಚುವರಿ ಕಾವನ್ನು ತೆಗೆಯಲು ಒಂದು ಲೋಟ ಬೆವರು ಸಾಕು. ತಲೆಯ ಮೇಲಿನ ಬಿಸಿಲಿನ ಬಾಬನ್ನೂ ಸೇರಿಸಿದರೆ ಒಂದೂವರೆಯೋ ಎರಡೋ ಲೋಟವಾದೀತು.

ಈ ಲೋಟಗಳ ಬೆವರನ್ನು ಆರಿಸುವ ಬೀಸಣಿಗೆ ಬೈಸಿಕಲ್ಲೇ. ಗಂಟೆಗೆ ಹನ್ನೆರಡು, ಹದಿನೈದು ಕಿಲೋಮೀಟರು ಹೋಗುವವನಿಗೆ ಎಲೆ ಅಲುಗದ ದಿನದಲ್ಲಿಯೂ ಅಷ್ಟೇ ವೇಗದ ಗಾಳಿ ಎದುರಿನಿಂದ ಬೀಸುತ್ತಿರುತ್ತದೆ. ಕಲಬುರಗಿಯ ಬೇಸಗೆಯ ಗಾಳಿಯಾದರೋ ಹಪ್ಪಳದಂತೆ ಒಣಗಿದುದು. ತೇವ ಕಂಡರೆ ಬಿಡುವುದಿಲ್ಲ. ಬೆವರು ಮೂಡಿದ್ದು ಸವಾರನಿಗೆ ಗೊತ್ತಾಗುವ ಮೊದಲೇ ಆರಿರುತ್ತದೆ. ಬೆನ್ನಿನ ಮೇಲೆ ಅಂಗಿಗೆ ಅಂಟಿದ ಉಪ್ಪಿನ ಬಿಳಿಯ ಗೆರೆಗಳೇ ಅದಕ್ಕೆ ಸಾಕ್ಷಿ. ಮಂಗಳೂರಿನಲ್ಲಿ ಉಷ್ಣಮಾಪಕ ಹತ್ತು ಡಿಗ್ರಿ ಕಡಮೆ ತೋರಿಸಿದರೂ ಸವಾರನಿಗೆ ಈ ಭಾಗ್ಯವಿಲ್ಲ. ಅಲ್ಲಿಯ ಗಾಳಿ ಮೊದಲೇ ನೀರು ಕುಡಿದು ತಣಿದಿರುತ್ತದೆ. ಬೆವರು ಆರುವ ಬದಲು ಹನಿಹನಿಯಾಗಿ ನೆಲಕ್ಕೆ ಬೀಳುತ್ತದೆ. ನೆಲಕ್ಕೆ ಬಿದ್ದ ಬೆವರು ಹುಂಡಿಗೆ ಹಾಕದೆ ಬೀದಿಗೆ ಚೆಲ್ಲಿದ ದುಡ್ಡಿನಂತೆ ದಂಡ. ಮೇಲಾಗಿ ಅಲ್ಲಿ ಏರುಗಳು ಬೇರೆ.

ಒಣಗಾಳಿಯ ಈ ಉಪಕಾರದಲ್ಲಿಯೇ ಒಂದು ಮೋಸವೂ ಅಡಗಿದೆಯೆಂಬುದನ್ನು ಹೇಳದಿರಲಾಗದು. ಬೆವರು ಕಾಣದಿರುವುದರಿಂದ ಮೈಯಿಂದ ನೀರು ಎಷ್ಟು ಹೋಯಿತೆಂಬುದು ತಿಳಿಯುವುದಿಲ್ಲ; ಬಾಯಾರಿಕೆ ತಡವಾಗಿ ಎಚ್ಚರಿಸುತ್ತದೆ. ಹೊರಡುವ ಮುನ್ನವೇ ನೀರು ಕುಡಿಯಬೇಕು. ತಲೆಗೆ ಒದ್ದೆ ವಲ್ಲಿ ಸುತ್ತಿಕೊಳ್ಳಬೇಕು. ತಲೆ ಸುತ್ತಿದರೆ, ಓಕರಿಕೆ ಬಂದರೆ, ಮಾತು ತಡವರಿಸಿದರೆ ಬೆವರುತ್ತಿದ್ದರೂ ಸರಿ, ಇಲ್ಲದಿದ್ದರೂ ಸರಿ, ಬೈಸಿಕಲ್ಲನ್ನು ಅಲ್ಲಿಯೇ ಒರಗಿಸಿ ನೆರಳು ಸೇರಿ ಮೈಮೇಲೆ ನೀರು ಸುರಿಯಿಸಿಕೊಳ್ಳಬೇಕು. ಅಂಥ ಹೊತ್ತಿನಲ್ಲಿ ಇನ್ನು ಒಂದೇ ಕಿಲೋಮೀಟರು ತಾನೆ ಎಂಬ ಲೆಕ್ಕ ಪ್ರಾಣಕ್ಕೆ ಎರವಾದೀತು. ಗುಮಾಸ್ತನ ವೃದ್ಧ ತಾಯಿಯ ಉಪಾಯ ಬೇರೆ. ಮಗ ಹೊರಟಾಗಲೆಲ್ಲ, “ಜೇಬಿನ್ಯಾಗ ಉಳ್ಳಾಗಡ್ಡಿ ಇಟ್ಕೊಂಡೀ ಏನಪಾ?” ಎಂದು ಕೇಳುತ್ತಾರೆ. ಜೇಬಿನ ಉಳ್ಳಾಗಡ್ಡಿಗೆ ಬಿಸಿಲನ್ನು ಹೀರುವ ಶಕ್ತಿಯೇನೂ ಇಲ್ಲ. ಆದರೆ ಆಕೆ ಉಳ್ಳಾಗಡ್ಡಿಯೊಡನೆ ಒಂದು ತಂಬಿಗೆ ಉಪ್ಪುಮಜ್ಜಿಗೆಯನ್ನೂ ಕೈಗಿಡುತ್ತಾರಾದ್ದರಿಂದ ನಂಬಿಕೆ ಇಂದಿಗೂ ಸುಳ್ಳಾಗಿಲ್ಲ.

ಇನ್ನು ನಿಲ್ಲುವ ಮಾತು.

ಚಕ್ರ ನಿಂತ ಕ್ಷಣದಲ್ಲಿ ಬೀಸಣಿಗೆ ನಿಲ್ಲುತ್ತದೆ; ಒಲೆ ಮಾತ್ರ ಆರುವುದಿಲ್ಲ. ಒಳಗೆ ಸೇರಿದ ಕಾವನ್ನು ಹೊರಹಾಕಲು ಬೆವರಿನ ಗ್ರಂಥಿಗಳು ಇನ್ನೂ ಐದು, ಹತ್ತು ನಿಮಿಷ ದುಡಿಯುತ್ತಲೇ ಇರುತ್ತವೆ. ದಾರಿಯುದ್ದಕ್ಕೂ ಒಣಗಿದ ಅಂಗಿಯಲ್ಲಿ ಬಂದವನು ಕಛೇರಿಯ ಮೆಟ್ಟಿಲ ಮೇಲೆ ನಿಂತಾಗ ತೊಯ್ದು ತೊಪ್ಪೆಯಾಗುತ್ತಾನೆ. ಬೆಳಗಿನ ತಂಪಿನಲ್ಲಿಯೂ ಇದು ತಪ್ಪಿದ್ದಲ್ಲ. ತಡವಾಯಿತೆಂದು ಬಿರುಸಾಗಿ ತುಳಿದು ಬಂದ ದಿನವಂತೂ ಕೇಳುವುದೇ ಬೇಡ. ವೇಗ ಇಮ್ಮಡಿಯಾದರೆ ಗಾಳಿಯನ್ನು ಸೀಳಲು ಬೇಕಾಗುವ ಶಕ್ತಿ ಎಂಟು ಮಡಿಯಾಗುತ್ತದೆಂಬುದು ಭೌತಶಾಸ್ತ್ರದ ನಿಯಮ. ಐದು ನಿಮಿಷ ಉಳಿಸಲು ಹೋದವನು ಅದರ ಎರಡರಷ್ಟು ಹೊತ್ತು ಬೆವರು ಒರೆಸಿಕೊಳ್ಳುತ್ತಾನೆ.

ಗುಮಾಸ್ತನ ಕಛೇರಿಯ ಬಾಗಿಲಿನಲ್ಲಿ ಹಾಜರಿ ಪುಸ್ತಕದ ಬದಲು ಹೆಬ್ಬೆರಳಿನ ಗುರುತು ನೋಡುವ ಯಂತ್ರ ಬಂದ ಮೇಲೆ ಈ ಬೆವರು ಆಡಳಿತದ ಪ್ರಶ್ನೆಯೇ ಆಯಿತು. ಒದ್ದೆ ಬೆರಳನ್ನು ಯಂತ್ರ ಒಪ್ಪದು. ಆತ ಒತ್ತುತ್ತಾನೆ, ಯಂತ್ರ ಕೆಂಪು ಕಣ್ಣು ಬಿಡುತ್ತದೆ. ಪಂಚೆಗೋ ಪಂಜಿಗೋ ಒರೆಸಿ ಮತ್ತೆ ಒತ್ತುತ್ತಾನೆ. ಒರೆಸಿದ ಬೆರಳಿನಲ್ಲಿ ಮತ್ತೆ ಹನಿ ಮೂಡಿರುತ್ತದೆ. ಇಪ್ಪತ್ತು ವರ್ಷ ಸೇವೆ ಸಲ್ಲಿಸಿದವನನ್ನು ಯಂತ್ರ ‘ಗುರುತು ಸಿಗಲಿಲ್ಲ’ ಎಂದು ಮೂರು ಸಲ ಹೇಳುವಷ್ಟರಲ್ಲಿ ಹಿಂದೆ ಸಾಲು ಬೆಳೆಯುತ್ತದೆ. ಒಂದು ದಿನ ಮೇಲಧಿಕಾರಿಗಳೇ ಆ ಸಾಲಿನ ಪಕ್ಕದಲ್ಲಿ ಹಾದು, “ಏನ್ರೀ, ಕೆರಿಯಾಗ ಮುಳುಗಿ ಬಂದೀರೇನು?” ಎಂದರು. ಮಾತಿನಲ್ಲಿ ದುರುದ್ದೇಶವಿರಲಿಲ್ಲ. ಎಲ್ಲರೂ ನಕ್ಕರು, ಗುಮಾಸ್ತನೂ ನಕ್ಕನು. ಆದರೆ ಆ ದಿನ ಅವನು ಬರೆದ ಟಪ್ಪಾಲಿನ ವಹಿಯಲ್ಲಿ ಮೊಣಕೈಯ ಒದ್ದೆಗೆ ಎರಡು ಸಾಲಿನ ಶಾಯಿ ಕದಡಿತು. ಅದನ್ನು ಮತ್ತೆ ತಿದ್ದಿ ಬರೆಯುವಾಗ ಮನಸ್ಸೂ ಸ್ವಲ್ಪ ಕದಡಿತು.

ಬೈಸಿಕಲ್ಲಿಗೆ ಇಂಥ ಸಂಕೋಚ ಯಾವಾಗಲೂ ಇದ್ದುದಲ್ಲ. ಅದರ ಮೂಲಪುರುಷನೇ ಸರ್ಕಾರಿ ನೌಕರ! ಜರ್ಮನಿಯ ಬಾಡೆನ್ ಸಂಸ್ಥಾನದ ಅರಣ್ಯಾಧಿಕಾರಿ ಕಾರ್ಲ್ ಡ್ರೈಸ್ 1817 ರಲ್ಲಿ ಮನ್ಹೈಮ್ ಪಟ್ಟಣದಿಂದ ತನ್ನ ಎರಡು ಚಕ್ರದ ಮರದ ಗಾಡಿಯನ್ನು ಕಾಲಿನಿಂದ ನೆಲ ಒದೆಯುತ್ತ ಓಡಿಸಿದನು. ಅದಕ್ಕೆ ಎರಡು ವರ್ಷ ಹಿಂದೆ, 1815 ರಲ್ಲಿ, ಈಗಿನ ಇಂಡೊನೇಷ್ಯದ ತಂಬೋರ ಜ್ವಾಲಾಮುಖಿ ಸಿಡಿದು ಅದರ ಧೂಳು ಆಕಾಶವನ್ನು ಮುಸುಕಿದ್ದರಿಂದ 1816 ರಲ್ಲಿ ಯೂರೋಪಿಗೆ ಬೇಸಗೆಯೇ ಬರಲಿಲ್ಲ. ಬೆಳೆ ಕೆಟ್ಟು, ಕುದುರೆಗಳಿಗೆ ಮೇವು ಇಲ್ಲದಾದಾಗ ಕುದುರೆ ಬೇಡದ ವಾಹನದ ಯೋಚನೆ ಅವನಿಗೆ ಹೊಳೆಯಿತೆಂದು ಊಹಿಸುವವರುಂಟು. ಊಹೆ ನಿಜವಾದರೆ, ಬೇಸಗೆ ಇಲ್ಲದ ವರ್ಷದಲ್ಲಿ ಮೊಳೆತ ವಾಹನ ಬೇಸಗೆಯೇ ಹೆಚ್ಚಾದ ನಾಡಿನಲ್ಲಿ ಬಂದು ನೆಲಸಿತು ಎನ್ನಬೇಕು. 1888 ರಲ್ಲಿ ಡನ್‌ಲಪ್ ಎಂಬ ಪಶುವೈದ್ಯ ಗಾಳಿ ತುಂಬಿದ ಟೈರನ್ನು ಬಳಕೆಗೆ ತಂದ ಮೇಲೆ ಅದು ಮೂಳೆ ಮುರಿಯದ ವಾಹನವೂ ಆಯಿತು.

ಟೈರಿನ ಮಾತು ಬಂದಾಗ ಒಂದು ಅಪವಾದವನ್ನು ಪರಿಹರಿಸಬೇಕು. ಬಿಸಿಲಿಗೆ ಗಾಳಿ ಹಿಗ್ಗಿ ಟ್ಯೂಬು ಸಿಡಿಯುತ್ತದೆಂದು ಬೇಸಗೆಯ ಮೇಲೆ ದೂರು ಹೊರಿಸುವುದುಂಟು. 27 ಡಿಗ್ರಿಯಲ್ಲಿ ತುಂಬಿದ ಗಾಳಿ 60 ಡಿಗ್ರಿಗೆ ಕಾದರೂ ಅದರ ಒಟ್ಟು ಒತ್ತಡ ಏರುವುದು ನೂರಕ್ಕೆ ಹನ್ನೊಂದರಷ್ಟು ಮಾತ್ರ. ಸರಿಯಾಗಿರುವ ಟ್ಯೂಬು ಅಷ್ಟಕ್ಕೆ ಸಿಡಿಯದು. ಸೋಲುವುದು ಹಳೆಯ ತೇಪೆ. ಕಾವಿಗೆ ಅದರ ಅಂಟು ಬಿಟ್ಟುಕೊಡುತ್ತದೆ. ಟ್ಯೂಬಿಗಿಂತ ತೇಪೆಗಳೇ ಹೆಚ್ಚಾಗಿರುವ ಬೈಸಿಕಲ್ಲಿನವರು ಸೂರ್ಯನನ್ನು ದೂರುವುದು ನ್ಯಾಯವಲ್ಲ.

ಅದು ಹಾಗಿರಲಿ. ಸ್ವಾತಂತ್ರ್ಯ ಬಂದ ಮೊದಲ ಹತ್ತು ವರ್ಷಗಳಲ್ಲಿ ಬೈಸಿಕಲ್ಲಿನ ಕಾರ್ಖಾನೆಗಳು ದೇಶದ ಹೆಮ್ಮೆಯ ವಿಷಯವಾಗಿದ್ದವು. ಮದರಾಸಿನಲ್ಲಿ 1949 ರಲ್ಲಿ ಒಂದು, ಸೋನೀಪತದಲ್ಲಿ 1951 ರಲ್ಲಿ ಅಟ್ಲಾಸ್, ಲೂಧಿಯಾನದಲ್ಲಿ 1956 ರಲ್ಲಿ ಹೀರೊ. ಮೇಷ್ಟರು, ಪೋಸ್ಟ್‌ಮಾಸ್ತರು, ವಕೀಲರು ಎಲ್ಲರೂ ತುಳಿಯುತ್ತಿದ್ದ ಕಾಲ ಅದು. ಪುರಸಭೆಗೆ ತೆರಿಗೆ ಕೊಟ್ಟು ಲೋಹದ ಬಿಲ್ಲೆ ಕಟ್ಟಿಕೊಳ್ಳಬೇಕಾಗಿತ್ತು. ರಾತ್ರಿ ದೀಪವಿಲ್ಲದೆ ಹೋದರೆ ಪೋಲೀಸಿನವನ ಕೈಗೆ ಸಿಕ್ಕಿ ದಂಡ ತೆರಬೇಕಾಗಿತ್ತು. ತೆರಿಗೆಯೂ ದಂಡವೂ ಇದ್ದುದೆಂದರೆ ಬೈಸಿಕಲ್ಲಿಗೆ ರಸ್ತೆಯಲ್ಲಿ ಒಂದು ಸ್ಥಾನವಿತ್ತು ಎಂದೇ ಅರ್ಥ. ಈಗ ಅದನ್ನು ಯಾರೂ ಹಿಡಿಯುವುದಿಲ್ಲ. ಹಿಡಿಯುವಷ್ಟು ಗಮನಿಸುವುದೂ ಇಲ್ಲ. ಅಟ್ಲಾಸಿನ ಕೊನೆಯ ಕಾರ್ಖಾನೆ ಸಾಹಿಬಾಬಾದಿನಲ್ಲಿ ಬಾಗಿಲು ಮುಚ್ಚಿದ್ದು 2020 ರ ಜೂನ್ 3 ರಂದು. ಆ ದಿನ ವಿಶ್ವ ಬೈಸಿಕಲ್ ದಿನಾಚರಣೆ!

ಹಾಗೆಂದು ತುಳಿಯುವವರು ಇಲ್ಲವೆ? 2011 ರ ಜನಗಣತಿ ಬೇರೆಯದೇ ಕತೆ ಹೇಳಿತು. ಬೇಸಾಯ, ಮನೆಕೈಗಾರಿಕೆಗಳನ್ನು ಬಿಟ್ಟು ಉಳಿದ ಕಸುಬಿನವರು ದೇಶದಲ್ಲಿ ಸುಮಾರು 20 ಕೋಟಿ. ಅವರಲ್ಲಿ ಬೈಸಿಕಲ್ಲಿನಲ್ಲಿ ಕೆಲಸಕ್ಕೆ ಹೋಗುವವರು ಸುಮಾರು 2.6 ಕೋಟಿ, ಅಂದರೆ ನೂರಕ್ಕೆ ಹದಿಮೂರು. ಎಲ್ಲಿದ್ದರು ಇವರೆಲ್ಲ? ಗಾರೆ ಕೆಲಸಕ್ಕೆ ಹೋಗುವವರು, ಕಾವಲಿನವರು, ಹಾಲು ಪತ್ರಿಕೆ ಹಂಚುವವರು. ರಸ್ತೆಯಲ್ಲಿ ಇದ್ದರೂ ಕಣ್ಣಿಗೆ ಬೀಳದವರು. ಕರ್ನಾಟಕ ಸರ್ಕಾರ 2006-07 ರಲ್ಲಿ ಎಂಟನೆಯ ತರಗತಿಯ ಮಕ್ಕಳಿಗೆ ಉಚಿತವಾಗಿ ಬೈಸಿಕಲ್ಲು ಕೊಡಲು ಆರಂಭಿಸಿದಾಗ ಹಳ್ಳಿಯ ಹೆಣ್ಣುಮಕ್ಕಳು ಸಾಲುಸಾಲಾಗಿ ಶಾಲೆಗೆ ಹೋದದ್ದನ್ನು ಕಂಡು ನಾಡೇ ಸಂತೋಷಪಟ್ಟಿತು. ಆ ಮಕ್ಕಳು ಬೆಳೆದು ಅದೇ ಬೈಸಿಕಲ್ಲಿನಲ್ಲಿ ಅದೇ ಸರ್ಕಾರದ ಕಛೇರಿಗೆ ಬಂದರೆ ನಿಲ್ಲಿಸಲು ಒಂದು ಗೇಣು ನೆರಳು ಉಂಟೆ ಎಂಬುದನ್ನು ಮಾತ್ರ ಯಾರೂ ಯೋಚಿಸಿದಂತಿಲ್ಲ.

ಗುಮಾಸ್ತನ ಕಛೇರಿಯಲ್ಲಿ ಹಿಂದೆ ತಗಡಿನ ಮಾಡಿನ ಸೈಕಲ್ ಸ್ಟ್ಯಾಂಡು ಒಂದಿತ್ತು. ಇಲಾಖೆಗೆ ಎರಡು ಮೋಟಾರು ಬಂದಾಗ ಅದು ಅವಕ್ಕೆ ಸಂದಿತು. ಮೋಟಾರಿಗೆ ತನ್ನದೇ ಮಾಡು ಇದ್ದರೂ ಅದರ ಮೇಲೆ ಇನ್ನೊಂದು ಮಾಡು. ಮಾಡಿಲ್ಲದ ವಾಹನಕ್ಕೆ ಬಯಲು!

ರಸ್ತೆಯ ಸಂಗತಿಯೂ ಇದೇ. ನೆರಳು ಬೇಕಾದುದು ನಡೆಯುವವನಿಗೆ, ತುಳಿಯುವವನಿಗೆ. ಅಗಲ ಬೇಕಾದುದು ಮೋಟಾರಿಗೆ. ಇವೆರಡಕ್ಕೂ ಜಗಳ ಬಂದಾಗ ಗೆಲ್ಲುವುದು ಅಗಲ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದ ಜರ್ಮನ್ ತೋಟಗಾರ ಕ್ರುಂಬಿಗಲ್ ಬೆಂಗಳೂರಿನ ಬೀದಿಗಳಲ್ಲಿ ಒಂದಾದ ಮೇಲೊಂದರಂತೆ ವರ್ಷವಿಡೀ ಹೂವು ಬಿಡುವ ಮರಗಳನ್ನು ಯೋಜಿಸಿ ನೆಡಿಸಿದನು. ನೋಡುವವರು ಹೂವನ್ನು ಕಂಡರು. ಸೈಕಲ್ಲಿನವನು ಎಲೆಯನ್ನು ಕಂಡನು. ಅಂಥ ಸಾಲುಗಳು ಎಷ್ಟೋ ಕಡೆ ರಸ್ತೆ ಅಗಲವಾಗುವಾಗ ಉರುಳಿದವು. ತಂಪಿಗೆ ಹೆಸರಾದ ಆ ಊರಿನಲ್ಲಿ 2016 ರ ಏಪ್ರಿಲಿನಲ್ಲಿ ಉಷ್ಣ 39.2 ಡಿಗ್ರಿಗೆ ಏರಿತು. ಕಲಬುರಗಿಗೆ ಹೂವಿನ ಸಾಲಿನ ಭಾಗ್ಯವಿಲ್ಲದಿದ್ದರೂ ಬೇವಿನ ಮರಗಳ ಭಾಗ್ಯವುಂಟು. ಬೇಸಗೆಯಲ್ಲಿಯೇ ಚಿಗುರಿ ದಟ್ಟವಾಗುವ ಮರ ಅದು. ಗುಮಾಸ್ತ ಮನೆಗೆ ಮರಳಲು ಆರಿಸಿಕೊಂಡಿರುವ ದಾರಿ ಅರ್ಧ ಕಿಲೋಮೀಟರು ಹೆಚ್ಚು; ಆದರೆ ಅದರಲ್ಲಿ ಹನ್ನೊಂದು ಬೇವಿನ ಮರಗಳೂ, ಬೇಸಗೆಯಲ್ಲಿ ಅಂಗಡಿಯವರು ಇರಿಸುವ ಒಂದು ಅರವಟ್ಟಿಗೆಯೂ ಇವೆ. ಅರವಟ್ಟಿಗೆಗೆ ಬಿಟ್ಟ ದತ್ತಿಗಳನ್ನು ಕಲ್ಲಿನಲ್ಲಿ ಕೆತ್ತಿಸುತ್ತಿದ್ದ ನಾಡು ಇದು. ಈಗಿನ ದಾನಿಗೆ ಶಾಸನವಿಲ್ಲ. ಕೆಂಪು ಬಟ್ಟೆ ಸುತ್ತಿದ ಎರಡು ಮಡಕೆ, ಸರಪಳಿ ಕಟ್ಟಿದ ಒಂದು ಲೋಟ.

‘ಕೆರಿಯಾಗ ಮುಳುಗಿ ಬಂದೀರೇನು’ ಎಂಬ ಮಾತು ಮನೆಗೂ ತಲಪಿತು. ಕಾಲೇಜಿಗೆ ಹೋಗುವ ಮಗ ಹಿಡಿದ ಪಟ್ಟು ಒಂದೇ: ವಿದ್ಯುತ್ತಿನ ಸ್ಕೂಟರು. ಕಂತಿನ ಮೇಲೆ ಕೊಡುತ್ತಾರೆ. ಮಗನ ಮಾತಿನಲ್ಲಿ ಅಪ್ಪನ ಮೇಲಿನ ಕನಿಕರ ಎಷ್ಟು, ಸಂಜೆಯ ಹೊತ್ತು ತನಗೆ ಸಿಗುವ ಸವಾರಿಯ ಆಸೆ ಎಷ್ಟು ಎಂಬುದನ್ನು ತೂಗಿ ನೋಡುವುದು ಕಷ್ಟ. ಹೆಂಡತಿ ಏನೂ ಹೇಳಲಿಲ್ಲ. ಮಗಳ ಪರೀಕ್ಷೆಯ ಶುಲ್ಕ, ಮುದುಕಿಯ ಔಷಧಿ, ಸಹಕಾರ ಸಂಘದ ಸಾಲದ ಕಂತು ಬರೆದಿಟ್ಟ ಚೀಟಿಯನ್ನು ಮಾತ್ರ ಗಂಡನ ಊಟದ ಮಣೆಯ ಪಕ್ಕದಲ್ಲಿ ಮರೆತವಳಂತೆ ಬಿಟ್ಟು ಹೋದಳು. ಗುಮಾಸ್ತ ಆ ರಾತ್ರಿ ತಾರಸಿಯ ಮೇಲೆ ಮಲಗಿ ಲೆಕ್ಕ ಹಾಕಿದನು. ಕಾಲು ಸೋತಿದೆಯೆ? ಇಲ್ಲ. ಬಿಸಿಲು ಸೋಲಿಸಿದೆಯೆ? ಇನ್ನೂ ಇಲ್ಲ. ಸೋಲುತ್ತಿರುವುದು ಕಛೇರಿಯ ಮೆಟ್ಟಿಲ ಮೇಲಿನ ಹತ್ತು ನಿಮಿಷ. ಹತ್ತು ನಿಮಿಷಕ್ಕೆ ಲಕ್ಷ ರೂಪಾಯಿ ಸಾಲವೆ?

ಮರುದಿನದಿಂದ ಆತ ಮನೆ ಬಿಡುವುದನ್ನು ಇಪ್ಪತ್ತು ನಿಮಿಷ ಹಿಂದಕ್ಕೆ ತಂದನು; ಅದರಲ್ಲಿ ಐದು ನಿಮಿಷ ನಿಧಾನವಾಗಿ ತುಳಿಯಲು, ಹದಿನೈದು ಸುಮ್ಮನೆ ಕೂರಲು. ಹೆಗಲಿಗೆ ಅಂಟಿ ಬೆನ್ನನ್ನು ಬೇಯಿಸುತ್ತಿದ್ದ ಚೀಲ ಕ್ಯಾರಿಯರಿಗೆ ಇಳಿಯಿತು. ಅದರಲ್ಲಿ ಮಡಿಸಿದ ಇನ್ನೊಂದು ಅಂಗಿ. ಕಛೇರಿಯ ಹಿತ್ತಿಲಿನಲ್ಲಿರುವ ಬೇವಿನ ಮರದ ಕೆಳಗೆ ಬನಿಯನಿನಲ್ಲಿ ಕುಳಿತು, ಕೊಳಾಯಿಯ ನೀರಿನಲ್ಲಿ ಮುಖ ಕೈ ತೊಳೆದು, ಬೆವರು ನಿಂತ ಮೇಲೆ ಅಂಗಿ ತೊಟ್ಟುಕೊಂಡು ಒಳಕ್ಕೆ ಹೋದರೆ ಯಂತ್ರ ಒಂದೇ ಸಲಕ್ಕೆ ಧನ್ಯವಾದ ಹೇಳುತ್ತದೆ. ಇಷ್ಟು ಸುಲಭವಾದುದು ಇಷ್ಟು ವರ್ಷ ಏಕೆ ತೋರಲಿಲ್ಲವೆಂದು ಆತನಿಗೇ ನಾಚಿಕೆಯಾಯಿತು.

ಅಲ್ಲಿಗೆ ಮುಗಿಯಬಹುದಾಗಿತ್ತು. ಆದರೆ ಮಧ್ಯಾಹ್ನದ ಕಾದ ಸೀಟು ಹಾಗೆಯೇ ಉಳಿದಿತ್ತಷ್ಟೆ. ಹಿತ್ತಿಲಿನಲ್ಲಿ ವಾಹನ ನಿಲ್ಲಿಸಲು ಅಪ್ಪಣೆ ಇರಲಿಲ್ಲ. ಗುಮಾಸ್ತ ಒಂದು ಅರ್ಜಿ ಬರೆದನು: ಬೇವಿನ ಮರದ ಕೆಳಗೆ ಬೈಸಿಕಲ್ಲುಗಳನ್ನು ನಿಲ್ಲಿಸಲು ಅನುಮತಿಯಾಗಬೇಕು, ಒಂದು ನೀರಿನ ಮಡಕೆಗೆ ಮಂಜೂರಾತಿಯಾಗಬೇಕು. ಆವಕ ವಿಭಾಗ ತನ್ನದೇ ಆದುದರಿಂದ ಅರ್ಜಿಯನ್ನು ತಾನೇ ತನ್ನಿಂದ ಸ್ವೀಕರಿಸಿ, ಮೊಹರು ಒತ್ತಿ, ಸಂಖ್ಯೆ ಹಾಕಿ ಮೇಲಕ್ಕೆ ಕಳುಹಿಸಿದನು. ಹದಿನೆಂಟು ದಿನಗಳ ಮೇಲೆ ಅದು ಮೂರು ಸಹಿಗಳೊಡನೆ ಕೆಳಕ್ಕೆ ಬಂದಿತು: ‘ಕಛೇರಿಗೆ ಬರುವ ಬೈಸಿಕಲ್ಲುಗಳ ಸಂಖ್ಯೆ ಎಷ್ಟು? ವರದಿ ಮಾಡುವುದು.’ ವರದಿ ಮಾಡಬೇಕಾದವನೂ ಅವನೇ.

ಒಂದು ಎಂದು ಬರೆದರೆ ಅರ್ಜಿ ಅಲ್ಲಿಯೇ ಮುಗಿಯುತ್ತದೆ. ಒಂದೇ ಬೈಸಿಕಲ್ಲಿಗಾಗಿ ಸರ್ಕಾರ ಮರದ ನೆರಳನ್ನು ಬಿಟ್ಟುಕೊಟ್ಟೀತೆ? ಗುಮಾಸ್ತ ಲೇಖನಿ ಹಿಡಿದು ಸ್ವಲ್ಪ ಹೊತ್ತು ಕುಳಿತನು. ಆಮೇಲೆ ಎದ್ದು ಕಾಂಪೌಂಡಿನ ಹೊರಗೆ ಹೋಗಿ ನೋಡಿದನು. ಚಹದ ಅಂಗಡಿಯ ಗೋಡೆಗೆ ಒರಗಿ ನಿಂತ ಬೈಸಿಕಲ್ಲುಗಳನ್ನು ಆತ ಎಷ್ಟೋ ವರ್ಷಗಳಿಂದ ನೋಡಿದ್ದನು, ಯಾರವೆಂದು ಕೇಳಿರಲಿಲ್ಲ. ಕಸ ಗುಡಿಸುವಾಕೆಯದು ಒಂದು. ರಾತ್ರಿ ಕಾವಲಿನವನದು ಒಂದು. ಗುತ್ತಿಗೆಯ ಮೇಲೆ ಗಣಕಯಂತ್ರದ ಮುಂದೆ ಕೂರುವ ಇಬ್ಬರು ಹುಡುಗರವು ಎರಡು. ತೋಟದವನದು ಒಂದು. ಟಪ್ಪಾಲು ಒಯ್ಯುವ ಜವಾನನದು ಒಂದು. ಒಳಗೆ ತಂದರೆ ಯಾರಾದರೂ ಏನಾದರೂ ಅಂದಾರು ಎಂದು ಅವರಾರೂ ಗೇಟಿನೊಳಕ್ಕೆ ತಂದವರಲ್ಲ. ಹಾಜರಿಯ ಯಂತ್ರಕ್ಕೂ ಅವರಲ್ಲಿ ಹೆಚ್ಚಿನವರ ಹೆಬ್ಬೆರಳಿನ ಪರಿಚಯವಿಲ್ಲ. ಗುಮಾಸ್ತ ಹಿಂತಿರುಗಿ ಬಂದು, ಅಂಕಿಯಲ್ಲಿಯೂ ಅಕ್ಷರದಲ್ಲಿಯೂ ‘7 (ಏಳು ಮಾತ್ರ)’ ಎಂದು ಬರೆದು ಸಹಿ ಹಾಕಿದನು.

ಕಡತ ಮೇಲಕ್ಕೆ ಹೋಗಿದೆ; ಇನ್ನೂ ಇಳಿದಿಲ್ಲ. ಮಡಕೆ ಖರೀದಿಗೆ ದರಪಟ್ಟಿ ಕರೆಯಬೇಕೆ ಎಂಬ ಪ್ರಶ್ನೆ ಎದ್ದಿದೆಯೆಂದು ಕೇಳಿಕೆ. ಅಷ್ಟರಲ್ಲಿ ಕಸ ಗುಡಿಸುವಾಕೆ ತನ್ನ ಮನೆಯಿಂದಲೇ ಒಂದು ಮಡಕೆ ತಂದಿಟ್ಟಿದ್ದಾಳೆ. ಏಳು ಬೈಸಿಕಲ್ಲುಗಳೂ, ಅಪ್ಪಣೆ ಬಾಕಿ ಇರುವಾಗಲೇ, ಬೇವಿನ ಮರದ ಬುಡಕ್ಕೆ ಬಂದಿವೆ. ಬೆಳಿಗ್ಗೆ ನೆರಳು ಗೋಡೆಯ ಕಡೆಗೆ ಉದ್ದವಾಗಿ ಚಾಚಿರುತ್ತದೆ. ಆಗ ಅವು ಬಿಸಿಲಿಗೇ ನಿಂತಂತೆ ತೋರುತ್ತವೆ. ಸೂರ್ಯ ಏರಿದ ಹಾಗೆ ನೆರಳು ಮೆಲ್ಲಮೆಲ್ಲನೆ ಹಿಂದಕ್ಕೆ ಸರಿದು ಬರುತ್ತದೆ. ಮೇ ತಿಂಗಳಿನಲ್ಲಿ, ಸೂರ್ಯ ನೆತ್ತಿಗೆ ಬಂದ ಮೇಲೆ, ಮರದ ನೆರಳೆಲ್ಲ ಮರದ ಕೆಳಗೇ ಇರುತ್ತದೆ. ಒಂದೂವರೆಗೆ ಗುಮಾಸ್ತ ಹೊರಬಂದು ಅಭ್ಯಾಸಬಲದಿಂದ ಒದ್ದೆ ಚಿಂದಿಯನ್ನು ಸೀಟಿನ ಮೇಲೆ ಹಾಸಹೋಗಿ, ಅಂಗೈಯಿಂದ ಮುಟ್ಟಿ ನೋಡಿ, ಚಿಂದಿಯನ್ನು ಹಿಂಡಿ ತಲೆಗೆ ಸುತ್ತಿಕೊಂಡು ಹೊರಡುತ್ತಾನೆ.